ಹವಾಲ್ದಾರನನ್ನು ನೋಡಿದವರ ಲೆಕ್ಕ

ಮಹಾರಾಷ್ಟ್ರದ ಗಡಿಯೊಳಗೆ, ಜತ್ತಿನ ಹತ್ತಿರದ ವಳಸಂಗದಲ್ಲಿ ಗುರಪ್ಪನ ಮನೆಗೂ ಲಗಮಣ್ಣನ ಮನೆಗೂ ನಡುವೆ ಒಂದೇ ಒಂದು ಓಣಿ. ಇಬ್ಬರೂ ಅಣ್ಣತಮ್ಮಂದಿರ ಮಕ್ಕಳು. ಅಜ್ಜ ಅಮೋಗಸಿದ್ದನ ಕುರಿಹಿಂಡು ಪಾಲಾದಾಗ ಅರ್ಧ ಓಣಿಯ ಆಚೆ ಹೋಯಿತು, ಅರ್ಧ ಈಚೆ ಉಳಿಯಿತು. ಆ ಹಿಂಡಿನ ಮೊಮ್ಮಕ್ಕಳ ಮೊಮ್ಮಕ್ಕಳೇ ಈಗ ಎರಡು ಬಾಗಿಲಲ್ಲಿ ಕಟ್ಟಿರುವ ಎರಡು ಟಗರುಗಳು. ಲಗಮಣ್ಣ ತನ್ನ ಟಗರಿಗೆ ಹವಾಲ್ದಾರ ಅಂತ ಹೆಸರಿಟ್ಟ. ಅದು ಕಿವಿಗೆ ಬಿದ್ದ ಮರುದಿನವೇ ಗುರಪ್ಪ ತನ್ನದಕ್ಕೆ ಸುಭೇದಾರ ಅಂತ ಹೆಸರಿಟ್ಟ. ಹುದ್ದೆಯಲ್ಲಿ ಯಾವುದು ಮೇಲೆ ಅಂತ ಫೌಜಿನಿಂದ ನಿವೃತ್ತನಾಗಿ ಬಂದಿದ್ದ ಧೂಳಪ್ಪನನ್ನು ಕೇಳಿ ಖಾತ್ರಿ ಮಾಡಿಕೊಂಡೇ ಇಟ್ಟ. ಇಷ್ಟು ಹೇಳಿದರೆ ಗುರಪ್ಪ ಎಂಥವನು ಅಂತ ನಿಮಗೆ ತಿಳಿಯಬೇಕು.

ಮಾಡಗ್ಯಾಳ ತಳಿಯ ಟಗರೆಂದರೆ ಸುಮ್ಮನೆ ಅಲ್ಲ. ಬಿಳಿ ಮೈ, ಕಂದು ಮಚ್ಚೆ, ಜೋತುಬಿದ್ದ ಉದ್ದ ಕಿವಿ, ಗಿಳಿಯ ಕೊಕ್ಕಿನ ಹಾಗೆ ಬಾಗಿದ ಮೂಗು. ಮೂಗು ಬಾಗಿದಷ್ಟೂ ಬೆಲೆ. ಸುಭೇದಾರನ ಮೂಗು ನೋಡಲು ಯಳವಿಯಿಂದ, ಬಿಳೂರಿನಿಂದ, ಒಮ್ಮೊಮ್ಮೆ ಜಿಲ್ಲೆಯ ಹೊರಗಿನಿಂದಲೂ ಜನ ಬರುತ್ತಿದ್ದರು. ತಮ್ಮ ಹೆಣ್ಣು ಕುರಿಗಳನ್ನು ಅದರ ಹತ್ತಿರ ಬಿಡಿಸಿಕೊಂಡು ಹೋಗುತ್ತಿದ್ದರು, ಇವನ ಹಿಂಡಿನಲ್ಲಿ ಹುಟ್ಟುವ ಮರಿಗಳನ್ನು ಮೊದಲೇ ಹೇಳಿಟ್ಟು ಒಯ್ಯುತ್ತಿದ್ದರು. ಸುತ್ತಲಿನ ಊರುಗಳಲ್ಲಿ ಗುರಪ್ಪನಿಗೆ 'ಟಗರಿನ ಗುರಪ್ಪ' ಅಂತಲೇ ಹೆಸರು. ಆ ಹೆಸರು ಅವನಿಗೆ ಊಟಕ್ಕಿಂತ ಹೆಚ್ಚು. ಬಂದವರು ಆಚೆ ಬಾಗಿಲ ಕಡೆ ತಿರುಗಿಯೂ ನೋಡದೆ ಹೋದರೆ ಅವತ್ತು ಅವನಿಗೆ ಎರಡು ರೊಟ್ಟಿ ಹೆಚ್ಚಿಗೆ ಸೇರುತ್ತಿತ್ತು.

ಹೀಗಿರುವಾಗ, ಎರಡು ಸಾವಿರದ ಏಳನೇ ಇಸವಿಯ ಮುಂಗಾರಿನಲ್ಲಿ, ಲಗಮಣ್ಣನ ಮಗಳು ಶೀತಲ ಟಗರನ್ನು ಇಂಟರ್‌ನೆಟ್ಟಿಗೆ ಹಾಕಿದಳು. ಜತ್ತ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದ ಹುಡುಗಿ. ಆಗ ಮಹಾರಾಷ್ಟ್ರದಲ್ಲಿ ನೌಕರಿಯ ಆಸೆಯಿದ್ದವರೆಲ್ಲ ಮಾಡುತ್ತಿದ್ದ ಎಂಎಸ್‌ಸಿಐಟಿ ಎಂಬ ಕಂಪ್ಯೂಟರ್ ಕೋರ್ಸನ್ನು ಅವಳೂ ಮುಗಿಸಿದ್ದಳು. ಒಂದು ದಿನ ಮನೆಯ ಕಟ್ಟೆಯ ಮೇಲೆ ಕೂತು ಓಣಿಯವರಿಗೆಲ್ಲ ಅದನ್ನು ವಿವರಿಸುತ್ತಿದ್ದಳು. ಗುರಪ್ಪ ತನ್ನ ಕಟ್ಟೆಯಿಂದಲೇ ಕಿವಿಗೊಟ್ಟ.

"ಏನವ್ವಾ ಶೀತಲಾ, ಟಗರಿನ ಜಾಹಿರಾತ ಹಾಕಿಯಂತ? ಎಷ್ಟ್ ರೊಕ್ಕಾ ಹತ್ತೇತಿ ನಿಮ್ಮಪ್ಪಗ?" ಅಂತ ಕೂಗಿ ಕೇಳಿದ.

"ಏನೂ ಹತ್ತಿಲ್ರಿ ಕಾಕಾ. ಪೇಜ್ ಮಾಡಿಕೊಡೂ ಫುಕಟ ಸೈಟ್ ಅದಾವ. ಮಂದಿ ಯಾವ ಶಬ್ದ ಹಾಕಿ ಹುಡುಕ್ತಾರ ಅಂತ ಹೇಳೂ ಸಾಧನಾನೂ ಅದಾವ. ನಾ ಮೊದಲ 'ಚಲೋ ಬಿಳಿ ಟಗರು' ಅಂತ ಬರದಿದ್ದೆ. ಹಂಗ ಯಾರೂ ಹುಡುಕಂಗಿಲ್ಲಂತ. ಎಲ್ಲಾರೂ 'ಮಾಡಗ್ಯಾಳ' ಅಂತ ಹುಡುಕ್ತಾರಂತ. ಅದಕ್ಕ ಅದನ್ನ ಮ್ಯಾಲ ದೊಡ್ಡದಾಗಿ ಹಾಕೀನಿ."

"ನೋಡಾಕ ಬಂದವರು ಎಷ್ಟು ಅಂತ ಹ್ಯಾಂಗ ತಿಳೀತದ? ಬಾಗಲಾಗ ಚಪ್ಪಲಿ ಎಣಸ್ತೀಯೇನ?"

"ಕೌಂಟರ್ ಹಚ್ಚೀನ್ರಿ. ಯಾರರ ಪೇಜ್ ತಗದ್ರ ಕೆಳಗ ಒಂದು ಅಂಕಿ ಏರತದ. ಇವತ್ತಿಗೆ ಹನ್ನೆರಡು ಆಗೇತ್ರಿ."

ಗುರಪ್ಪ ಹಲ್ಲುಬಿಟ್ಟು ನಕ್ಕ. ಹನ್ನೆರಡು ಜನ ತನ್ನ ಬಾಗಿಲಿಗೆ ಎರಡು ವಾರದಲ್ಲಿ ಬರುತ್ತಾರೆ, ಅದೂ ಕಾಲಿನಿಂದ ನಡೆದು. ಆದರೆ ಆ ಹನ್ನೆರಡು ಅನ್ನುವುದು ಹಲ್ಲಿನ ಸಂದಿಯಲ್ಲಿ ಸಿಕ್ಕ ಎಳೆಯ ಹಾಗೆ ಅವನನ್ನು ಬಿಡಲಿಲ್ಲ. ಉಂಡರೂ ಅದೇ, ಮಲಗಿದರೂ ಅದೇ. ಹನ್ನೆರಡು ಹೋಗಿ ಹದಿಮೂರಾಗಿರಬಹುದೆ? ಯಾರು ಆ ಹದಿಮೂರನೆಯವನು? ಅವನಿಗೆ ಸುಭೇದಾರನ ಸುದ್ದಿ ಗೊತ್ತಿಲ್ಲವೆ?

ಮುಂದಿನ ಸಂತೆಯ ದಿನ ಅವನು ಜತ್ತಿಗೆ ಹೋದವನು ಸಂತೆ ಬಿಟ್ಟು ಸ್ಟ್ಯಾಂಡಿನ ಹತ್ತಿರದ ಅಮಜದನ ಅಂಗಡಿಗೆ ನುಗ್ಗಿದ. ಹಿಂದೆ ಅಲ್ಲಿ ಎಸ್‌ಟಿಡಿ ಬೂತು ಇತ್ತು. ಈಗ ಅಮಜದ ನಾಲ್ಕು ಕಂಪ್ಯೂಟರ್ ಇಟ್ಟು, ನಡುವೆ ಹಲಗೆ ಹೊಡೆದು ಸೈಬರ್ ಕೆಫೆ ಮಾಡಿದ್ದ.

"ಅಮಜದಭಾಯಿ, ಆ ನಮ್ಮ ಲಗಮಣ್ಣನ ಟಗರು ಐತೆಲ್ಲ, ಅದನ್ನಷ್ಟು ತೋರಸ್ರಿ," ಅಂದ ಗುರಪ್ಪ, ಯಾರಾದರೂ ಕೇಳಿಸಿಕೊಂಡಾರು ಅಂತ ದನಿ ತಗ್ಗಿಸಿ.

ಅಮಜದ ಹುಡುಕಿ ತೆಗೆದುಕೊಟ್ಟ. ಮೇಲೆ ಹವಾಲ್ದಾರನ ಫೋಟೋ, ಕೆಳಗೆ ಮರಾಠಿಯಲ್ಲಿ ನಾಲ್ಕು ಸಾಲು, ಅದರ ಕೆಳಗೆ ಕಪ್ಪು ಚೌಕದಲ್ಲಿ ಹಸಿರು ಅಂಕಿ: ಇಪ್ಪತ್ತೇಳು. ಗುರಪ್ಪನ ಕಣ್ಣು ಫೋಟೋದ ಮೇಲೆ ನಿಲ್ಲಲೇ ಇಲ್ಲ, ನೇರ ಅಂಕಿಗೆ ಹೋಗಿ ಅಂಟಿಕೊಂಡಿತು.

"ಮತ್ತ ಹೊಸಾದು ನೋಡಬೇಕಂದ್ರ ಈ ಮ್ಯಾಲಿನ ಸಾಲಿನ ಗುಂಡಿ ಒತ್ರಿ," ಅಂತ ತೋರಿಸಿ ಅಮಜದ ತನ್ನ ಕೆಟ್ಟ ಪ್ರಿಂಟರಿನ ಕಡೆ ಹೋದ.

ಗುರಪ್ಪ ಒತ್ತಿದ. ಇಪ್ಪತ್ತೆಂಟು.

ಮತ್ತೆ ಒತ್ತಿದ. ಇಪ್ಪತ್ತೊಂಬತ್ತು.

"ಅಮಜದಭಾಯಿ! ಈಗಿಂದೀಗ ಇಬ್ಬರು ಬಂದ್ರು ನೋಡ್ರಿ! ನನ್ನ ಕಣ್ಣ ಮುಂದ!"

"ಬರತಾರ್ರಿ. ಇಂಟರ್‌ನೆಟ್ ಅಂದ್ರ ಹಂಗ. ಜಗತ್ತ ಬರತೈತಿ," ಅಂದ ಅಮಜದ, ಪ್ರಿಂಟರಿನೊಳಗೆ ಕೈ ಹಾಕಿಕೊಂಡೇ. ಅಂದು ಅವನು ತಲೆ ಎತ್ತಿ ಒಮ್ಮೆ ಇತ್ತ ನೋಡಿದ್ದರೆ ಈ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಅವನು ನೋಡಲಿಲ್ಲ.

ಅರ್ಧ ತಾಸಿನಲ್ಲಿ ಅಂಕಿ ಅರವತ್ತೊಂದಕ್ಕೆ ಏರಿತು. ಗುರಪ್ಪನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಕುರಿಯ ಹಲ್ಲು ನೋಡಿ ಅದರ ವಯಸ್ಸನ್ನು ತಿಂಗಳ ಲೆಕ್ಕದಲ್ಲಿ ಹೇಳುವ ಇಷ್ಟು ಚುರುಕಿನ ಮನುಷ್ಯನಿಗೆ, ಒತ್ತುತ್ತಿರುವವನು ತಾನೇ, ಏರುತ್ತಿರುವುದೂ ತನ್ನಿಂದಲೇ ಅಂತ ಹೊಳೆಯಲಿಲ್ಲವೆ ಅಂತ ನೀವು ಕೇಳಬಹುದು. ಹೊಳೆಯಲಿಲ್ಲ. ಅವನ ಪ್ರಕಾರ ಟಗರು ನೋಡಲು ಬರುವವನು ಅಂದರೆ ಕೊಳ್ಳುವ ಮನಸ್ಸಿದ್ದವನು, ಮರಿ ಬೇಕಾದವನು. ತಾನು ಬಂದಿದ್ದು ಉರಿದುಕೊಳ್ಳಲು. ಉರಿದುಕೊಳ್ಳಲು ಬಂದವನನ್ನು ಯಾರಾದರೂ ಗಿರಾಕಿ ಅಂತ ಎಣಿಸುತ್ತಾರೆಯೆ?

ಆಮೇಲೆ ಅವನಿಗೆ ಅದೊಂದು ಚಟವೇ ಆಯಿತು. ವಾರಕ್ಕೊಮ್ಮೆ ಹೋಗುತ್ತಿದ್ದವನು ಎರಡು ಸಲ, ಮೂರು ಸಲ ಜತ್ತಿನ ಬಸ್ಸು ಹತ್ತತೊಡಗಿದ. ಹೋದವನು ಕಂಪ್ಯೂಟರ್ ಮುಂದೆ ಕಾಲು ಮಡಚಿ ಕೂತು, ಗುಂಡಿ ಒತ್ತುವುದು, ಅಂಕಿ ಏರುವುದನ್ನು ನೋಡುವುದು, ಹೊಟ್ಟೆಯುರಿ ತಾಳಲಾರದೆ ಮತ್ತೆ ಒತ್ತುವುದು. ಈಗ ಬಂದವನು ಪುಣೆಯವನಿರಬೇಕು, ಇವನು ಸೋಲಾಪುರದವನು, ಇವನು ಖಂಡಿತ ದೊಡ್ಡ ಪಾರ್ಟಿ ಅಂತ ತಾನೇ ಊಹಿಸಿಕೊಂಡು ಕರಗುವುದು. ಗಣಪತಿ ಹಬ್ಬದ ಹೊತ್ತಿಗೆ ಅಂಕಿ ಒಂಬೈನೂರು ದಾಟಿತು. ತಿರುಗಿ ಊರಿಗೆ ಬಂದರೆ ಎದುರು ಬಾಗಿಲಲ್ಲಿ ಹವಾಲ್ದಾರ ಮೇವು ತಿನ್ನುತ್ತ ನಿಂತಿರುತ್ತಿದ್ದ. ಆ ಕಡೆ ಮುಖ ಹಾಕಬಾರದು ಅಂತ ಗುರಪ್ಪ ಓಣಿಗೆ ಬೆನ್ನು ಮಾಡಿ ಒಳಗೆ ಹೋಗುತ್ತಿದ್ದ. ಲಗಮಣ್ಣನ ಜೊತೆ ಮಾತು ಎಂದೋ ನಿಂತಿತ್ತು.

ಹೆಂಡತಿ ಅಕ್ಕವ್ವನಿಗೆ ಸಂಶಯ ಬಂತು. "ಮೂರು ಮೂರು ದಿನಕ್ಕ ಜತ್ತಿಗಿ ಯಾರ ಮಾರಿ ನೋಡಾಕ ಹೋಗ್ತಿ?" ಅಂತ ಸೊಂಟಕ್ಕೆ ಕೈಯಿಟ್ಟು ಕೇಳಿದಳು.

"ಟಗರಿಂದು."

"ಟಗರು ಬಾಗಲಾಗ ಐತಲ್ಲ."

"ಅದಲ್ಲ. ಅವರದು."

"ಅವರದೂ ಅವರ ಬಾಗಲಾಗ ಐತಲ್ಲ! ಬಸ್ ಹತ್ತಿ ಹೋಗಿ ನೋಡೂದೇನೈತಿ?"

ಗುರಪ್ಪ ಬಸ್ಸಿನ ಹೊತ್ತಾಯಿತೆಂದು ಚಪ್ಪಲಿ ಮೆಟ್ಟಿದ. ಅಕ್ಕವ್ವ ಒಂದು ಗಳಿಗೆ ಅವನ ಮುಖ ನೋಡಿ, ಬೇರೆ ಹೆಂಗಸಾಗಿದ್ದರೆ ಕೈಗೆ ಸಿಗುತ್ತಿದ್ದಳು, ಇದಕ್ಕೇನು ಮಾಡುವುದು ಅಂದುಕೊಂಡು ಒಳಗೆ ಹೋದಳು.

ದಸರೆಗೆ ಮುಂಚೆ ಗುರಪ್ಪ ಅಮಜದನಿಗೆ ದುಂಬಾಲು ಬಿದ್ದು ಸುಭೇದಾರನ ಹೆಸರಿನಲ್ಲೂ ಒಂದು ಪೇಜು ಮಾಡಿಸಿದ. ಹವಾಲ್ದಾರನದಕ್ಕಿಂತ ದೊಡ್ಡ ಫೋಟೋ, ಸುತ್ತ ಮಿನುಗುವ ಅಂಚು, ಅದೇ ನಮೂನೆಯ ಕೌಂಟರು. ಅಮಜದ ಎಲ್ಲ ತಯಾರಿಸಿ ಕೊಟ್ಟ. ಆದರೆ ಗುರಪ್ಪ ಅದನ್ನು ತೆರೆದು ನೋಡಿದ್ದು ಏಳೇ ಸಲ. ಸುಭೇದಾರನನ್ನು ನೋಡಲು ದುಡ್ಡು ಕೊಟ್ಟು ಯಾಕೆ ಕೂತುಕೊಳ್ಳಬೇಕು, ಮನೆಯಲ್ಲೇ ಇದೆಯಲ್ಲ? ತನಗೆ ಬೇಕಾದದ್ದು ಅವರದು. ಹೀಗಾಗಿ ಸುಭೇದಾರನ ಅಂಕಿ ಏಳರಲ್ಲೇ ನಿಂತಿತು, ಹವಾಲ್ದಾರನದು ದೀಪಾವಳಿಗೆ ಎರಡು ಸಾವಿರ ಮುಟ್ಟಿತು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಇಲ್ಲಿ ಹಿತ್ತಲ ಗಿಡವನ್ನು ಒಣಗಿಸಿದವನೂ ಅವನೇ.

ಎರಡು ಸಾವಿರ, ಮತ್ತು ಏಳು. ಅವತ್ತು ಗುರಪ್ಪ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತ. ಜಗತ್ತು ತೀರ್ಪು ಕೊಟ್ಟಿದೆ, ಇನ್ನು ಅದು ಊರಿಗೆ ಗೊತ್ತಾಗಲು ತಡವಿಲ್ಲ ಅನ್ನಿಸಿತು. ಇವತ್ತಲ್ಲ ನಾಳೆ ಆ ಎರಡು ಸಾವಿರ ಜನ ಜೀಪು ಮಾಡಿಕೊಂಡು ಓಣಿಗೆ ಇಳಿಯುತ್ತಾರೆ. ಅವರು ಆಚೆ ಬಾಗಿಲಲ್ಲಿ ಮುತ್ತಿಕೊಂಡಾಗ ಸುಭೇದಾರ ಈಚೆ ಬಾಗಿಲಲ್ಲಿ ಒಂಟಿಯಾಗಿ ನಿಂತಿರುತ್ತಾನೆ. ಟಗರಿನ ಗುರಪ್ಪ ಅಂದವರೇ ನಾಳೆ ಟಗರಿನ ಲಗಮಣ್ಣ ಅನ್ನುತ್ತಾರೆ. ಅದನ್ನು ನೋಡುವುದಕ್ಕಿಂತ ಟಗರೇ ಇಲ್ಲದಿದ್ದರೆ ಒಳ್ಳೆಯದು. ಸೋತ ಟಗರು ಅನ್ನಿಸಿಕೊಳ್ಳುವುದಕ್ಕಿಂತ ಮಾರಿದ ಟಗರು ಅನ್ನಿಸಿಕೊಳ್ಳಲಿ.

ಬಕ್ರೀದಿಗೆ ಹತ್ತು ದಿನ ಇರುವಾಗ ಅವನು ಕುರಿ ವ್ಯಾಪಾರಿ ಇಸಾಕನನ್ನು ಕರೆಸಿದ. ಇಸಾಕ ಮೂವತ್ತು ವರ್ಷದಿಂದ ಈ ಭಾಗದ ಟಗರುಗಳನ್ನು ಕಂಡವನು. ಹಬ್ಬಕ್ಕೆ ಚೆಂದದ ಟಗರು ಬೇಕೆನ್ನುವ ಮನೆಗಳು ಪುಣೆಯಲ್ಲಿ ಅವನಿಗೆ ಬೇಕಾದಷ್ಟು ಗೊತ್ತಿದ್ದವು. ಆದರೂ ಸುಭೇದಾರನ ಹಗ್ಗ ಕೈಗೆ ಕೊಟ್ಟಾಗ ಅವನು ಹಿಡಿಯಲಿಲ್ಲ.

"ಗುರಪ್ಪಣ್ಣಾ, ಇದು ಬೀಜದ ಟಗರು. ಹಬ್ಬಕ್ಕ ನಾ ಬ್ಯಾರೇದು ನೋಡ್ತೀನಿ. ಇಂಥಾ ಮೂಗು ಮತ್ತ ಹುಟ್ಟೂದು ಖಾತ್ರಿ ಇಲ್ಲ."

"ಕೊಡಾಂವ ನಾನು. ನಿಮಗ್ಯಾಕ್ರಿ ಸಂಕಟ?"

"ಒಂದ್ ವಾರ ವಿಚಾರ ಮಾಡ್ರಿ. ಮನಿ ಮಂದೀನ ಕೇಳ್ರಿ."

"ಕೇಳೂದ ಕೇಳೀನಿ," ಅಂದ ಗುರಪ್ಪ. ಕೇಳಿರಲಿಲ್ಲ.

ಇಸಾಕ ನಿಟ್ಟುಸಿರುಬಿಟ್ಟು ಹೆಗಲ ಮೇಲಿನ ಟವೆಲ್ಲನ್ನು ಇಬ್ಬರ ಕೈ ಮೇಲೆ ಹೊದಿಸಿದ. ಅದರ ಅಡಿಯಲ್ಲಿ ಬೆರಳು ಹಿಡಿದು ಬೆಲೆ ಹೇಳುವುದು ಇಲ್ಲಿನ ಪದ್ಧತಿ, ನೋಡುವವರಿಗೆ ತಿಳಿಯಬಾರದು ಅಂತ. ಬೇರೆ ದಿನವಾಗಿದ್ದರೆ ಗುರಪ್ಪನ ಬೆರಳು ಹತ್ತು ಸಲ ಕೊಸರಾಡುತ್ತಿತ್ತು. ಅವತ್ತು ಇಸಾಕ ಮೊದಲು ಹಿಡಿದ ಬೆರಳಿಗೇ ಒಪ್ಪಿಬಿಟ್ಟ. ಅಕ್ಕವ್ವ ಒಳಗಿನಿಂದ ಓಡಿಬಂದು ನೋಡಿದಳು, ಕೂಗಾಡಿದಳು. "ಎದುರಿನವರಿಗಿ ಅಪಶಕುನ ಆಗಲಿ ಅಂತ ತನ್ನ ಮೂಗಾ ಕೊಯ್ಕೊಂಡಂಗಾತು ನಿಂದು!" ಅಂತ ಓಣಿಗೇ ಕೇಳುವಂತೆ ಅಂದಳು. ಕೊಟ್ಟ ಮಾತು ತಿರುಗುವುದಿಲ್ಲ ಅಂತ ಗೊತ್ತಾದ ಮೇಲೆ ಸುಭೇದಾರನ ಹಣೆಗೆ ಅರಿಶಿನದ ಭಂಡಾರ ಹಚ್ಚಿ, ಬಾಯಿಗೆ ಬೆಲ್ಲ ಹಿಡಿದಳು. ಟಗರು ಬೆಲ್ಲ ನೆಕ್ಕುತ್ತ ಇಸಾಕನ ಟೆಂಪೋ ಹತ್ತಿತು. ಗುರಪ್ಪ ಆಗಲೂ ಓರೆಗಣ್ಣಿನಲ್ಲಿ ನೋಡುತ್ತಿದ್ದುದು ಲಗಮಣ್ಣನ ಬಾಗಿಲನ್ನೇ.

ಹಬ್ಬ ಆಗಿ ಎರಡು ವಾರಕ್ಕೆ ಒಂದು ಜೀಪು ಓಣಿಗೆ ಬಂತು. ಮಂಗಳವೇಢೆ ಕಡೆಯವರು, ನಾಲ್ಕು ಜನ, ಮುಂಡಾಸು ಸುತ್ತಿದ ಹಿರಿಯನೊಬ್ಬ ಮುಂದೆ. ಗುರಪ್ಪ ಕಟ್ಟೆಯ ಮೇಲೆ ಹಿಂದಕ್ಕೆ ಸರಿದು ಕೂತ. ಬಂದರು, ಎರಡು ಸಾವಿರದಲ್ಲಿ ಮೊದಲ ನಾಲ್ವರು. ಆದರೆ ಅವರು ನೇರ ಇವನ ಕಟ್ಟೆಗೇ ಬಂದರು.

"ಟಗರಿನ ಗುರಪ್ಪ ಅಂದ್ರ ನೀವ ಏನ್ರಿ? ಸುಭೇದಾರನ್ನ ನೋಡಾಕ ಬಂದೀವ್ರಿ. ನಮ್ಮ ಬೀಗರು ಭಾಳ ಹೇಳಿದ್ರು."

"ಇಂಟರ್‌ನೆಟ್ಟಿನ್ಯಾಗ ನೋಡಿದ್ರೇನ್ರಿ?" ಅಂತ ಗುರಪ್ಪ ಕೇಳಿದ.

"ಅದೇನ್ರಿ ಅದು?" ಅಂದ ಹಿರಿಯ.

ಗುರಪ್ಪ ಖಾಲಿ ಗೂಟದ ಕಡೆ ಕೈ ತೋರಿಸಿದ. ಹಿರಿಯ ಗೂಟ ನೋಡಿದ, ಗುರಪ್ಪನನ್ನು ನೋಡಿದ. ತಿರುಗಿ ಜೀಪು ಹತ್ತುವಾಗ ಎದುರು ಬಾಗಿಲಲ್ಲಿ ಹವಾಲ್ದಾರ ಕಣ್ಣಿಗೆ ಬಿದ್ದ. ನಾಲ್ವರೂ ಓಣಿ ದಾಟಿ ಹೋದರು. ಒಂದು ತಾಸಿನ ಮೇಲೆ ಹವಾಲ್ದಾರನ ಮೂರು ಮರಿಗಳು ಜೀಪಿನಲ್ಲಿ ಹೋದವು. ಗುರಪ್ಪ ಕಟ್ಟೆಯ ಮೇಲೆ ಕೂತೇ ಅದನ್ನೆಲ್ಲ ನೋಡಿದ. ಇಷ್ಟು ದಿನ ಉರಿದದ್ದು ಉರಿಯೇ ಅಲ್ಲ, ಉರಿ ಅಂದರೆ ಇದು ಅನ್ನಿಸಿತು.

ಜೀಪು ಹೋದ ಮೇಲೆ ಲಗಮಣ್ಣ ತಾನೇ ಓಣಿ ದಾಟಿ ಬಂದ, ಹಿಂದೆ ಶೀತಲ, ಕೈಯಲ್ಲಿ ಒಂದು ಪ್ರಿಂಟು ತೆಗೆದ ಹಾಳೆ. ಅಕ್ಕವ್ವ ಲಗುಬಗೆಯಿಂದ ಕಂಬಳಿ ಹಾಸಿ, "ಬರ್ರಿ ಭಾವಾರ, ಕುಂದ್ರಿ," ಅಂದಳು.

ಲಗಮಣ್ಣ ಕಂಬಳಿಯ ಮೇಲೆ ಕೂತ. "ತಮ್ಮಾ, ನಿನ್ನ ಗಿರಾಕಿ ನನ್ನ ಬಾಗಲಿಗಿ ಬಂದ್ರು. ನನಗ ಚಲೋ ಅನಸಲಿಲ್ಲ. ಅದಕ್ಕ ಒಂದ್ ಖರೇ ಮಾತು ಹೇಳಿ ಹೋಗ್ಬೇಕಂತ ಬಂದೀನಿ. ಶ್ರಾವಣದಾಗ ನಾ ಹವಾಲ್ದಾರನ್ನ ಇಸಾಕಗ ಕೊಡಾಕ ನಿಂತಿದ್ದೆ."

ಗುರಪ್ಪ ತಲೆ ಎತ್ತಿದ.

"ದಿನಾ ಮಂದಿ ನಿನ್ನ ಬಾಗಲಿಗಿ ಬರೂದು, ನನ್ನ ಕಡೆ ತಿರುಗಿ ನೋಡದ ಹೋಗೂದು. ಹೊಟ್ಟಿ ಉರದು ಸಾಕಾಗಿತ್ತು. ಇಟ್ಕೊಂಡು ಏನ್ ಮಾಡೂದು, ಕೊಟ್ಟಬಿಡೂನು ಅಂದೆ. ಆವಾಗ ಇಕಿ ಅಂದ್ಳು, ಅಪ್ಪಾ ಕೊಡಬ್ಯಾಡ, ಯಾರೋ ನೋಡಾಕತ್ಯಾರ, ಅಂಕಿ ವಾರವಾರಕ್ಕ ಏರಾಕತ್ತೈತಿ ಅಂತ. ಅದರ ಮ್ಯಾಲ ನಾ ತಡದೆ. ಇಲ್ಲಂದ್ರ ಹವಾಲ್ದಾರ ಹೋಗಿದ್ದ."

ಶೀತಲ ಹಾಳೆಯನ್ನು ಮುಂದೆ ಹಿಡಿದಳು. "ಕಾಕಾ, ಬಂದವರು ಯಾವ ಮಷೀನಿಂದ ಬಂದ್ರು, ಯಾವ ವಾರ, ಎಷ್ಟು ಗಂಟೇಕ್ಕ ಅಂತ ತೋರ್ಸೂ ಸಾಧನ ಆಗ ಹಚ್ಚಿಟ್ಟಿದ್ದೆ. ಅದನ್ನ ಓದೂದು ಹ್ಯಾಂಗಂತ ಈಗ ಕಲತೀನ್ರಿ. ನಾನೂ ನನ್ನ ಗೆಳತ್ಯಾರೂ ಸೇರಿ ಐವತ್ತು ಸಲ ತಗದೀವಿ. ಉಳಿದದ್ದೆಲ್ಲಾ, ಎರಡು ಸಾವಿರದಾಗಿಂದು, ಜತ್ತದಾಗಿನ ಒಂದ ಅಂಗಡಿದು. ಸಂತಿ ದಿನ ಮುಂಜಾನಿ ಹನ್ನೊಂದರಿಂದ ಹನ್ನೆರಡು, ತಪ್ಪಂಗಿಲ್ಲ. ಒಬ್ಬರ ಮನಶಾರು ಇರಬೇಕ್ರಿ."

"ಯಾವ ಪುಣ್ಯಾತ್ಮ ಇದ್ದಾನ ಅಂತ ಗೊತ್ತಾದ್ರ ಅವಗ ಒಂದು ಮರಿ ಕೊಡಬೇಕಂತ ಮಾಡೀನಿ," ಅಂದ ಲಗಮಣ್ಣ. "ನೀ ಸಂತಿಗಿ ಹೋಗಾಂವ. ಮಂದಿ ಗುರತು ಐತಿ ನಿನಗ. ಯಾರಿರಬಹುದು?"

ಅಕ್ಕವ್ವನಿಗೆ ಆಗಲೇ ತಿಳಿದಿತ್ತು. ಅವಳು ಬಾಯಿಗೆ ಸೆರಗು ಹಿಡಿದು ಗೋಡೆಯ ಕಡೆ ತಿರುಗಿದಳು. ಗುರಪ್ಪನಿಗೆ ಹಾಳೆಯ ಮೇಲಿನ ಸಾಲುಗಳು ಒಂದರ ಮೇಲೊಂದು ಹರಿದಾಡಿದಂತೆ ಕಂಡವು. ಗೊತ್ತಿಲ್ಲ ಅಂದುಬಿಟ್ಟರೆ ಮುಗಿಯಿತು, ನಗೆಪಾಟಲು ತಪ್ಪುತ್ತದೆ. ನಾಲಿಗೆಯ ತುದಿಗೆ ಬಂದಿತ್ತು ಆ ಮಾತು. ಆದರೆ ಖಾಲಿ ಗೂಟ ಎದುರಿಗೇ ಇತ್ತು.

"ನಾನಣ್ಣಾ," ಅಂದ.

"ಏನು?"

"ನಾನ. ಅಮಜದನ ಅಂಗಡ್ಯಾಗ. ನಿನ್ನ ಅಂಕಿ ಎಷ್ಟ್ ಏರೇತಿ ಅಂತ ನೋಡಾಕ ಹೋಗ್ತಿದ್ದೆ. ನೋಡಿದಷ್ಟೂ ಏರತಿತ್ತು. ಹೊಟ್ಟಿಕಿಚ್ಚು ತಡಿಯಾಕ ಆಗಲಿಲ್ಲ. ಅದಕ್ಕ ಸುಭೇದಾರನ್ನ ಕೊಟ್ಟೆ."

ಯಾರೂ ನಗಲಿಲ್ಲ. ಶೀತಲ ಹಾಳೆಯನ್ನು ಮಡಚಿ ಮುಷ್ಟಿಯಲ್ಲಿ ಹಿಡಿದಳು. ಲಗಮಣ್ಣ ತಗ್ಗಿದ ದನಿಯಲ್ಲಿ, "ಎರಡು ಸಾವಿರ ಸಲ ಜತ್ತದಾಗ ಕುಂತು ನೋಡಿದಿ," ಅಂದ. "ಒಂದ್ ಸಲ ಓಣಿ ದಾಟಿ ಬಂದಿದ್ರ, ನಾ ಮಾರಾಕ ನಿಂತೀನಿ ಅಂತ ನಾನ ಹೇಳ್ತಿದ್ನೆಲ್ಲೊ. ಈ ಖಾಲಿ ಗೂಟ ನನ್ನ ಬಾಗಲಾಗ ಇರಬೇಕಾಗಿತ್ತು ತಮ್ಮಾ."

ಗುರಪ್ಪ ಎದ್ದ. ಯಾರನ್ನೂ ಕೇಳದೆ ಕಟ್ಟೆಯಿಳಿದು, ಎಂಟೋ ಒಂಬತ್ತೋ ಹೆಜ್ಜೆಯಲ್ಲಿ ಓಣಿ ದಾಟಿ, ಹವಾಲ್ದಾರನ ಎದುರು ಕುಕ್ಕರಗಾಲಲ್ಲಿ ಕೂತ. ಟಗರು ಅವನ ಕೈ ಮೂಸಿತು. ಅವನು ಅದರ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದ, ಆಮೇಲೆ ಅದರ ಕುತ್ತಿಗೆಗೆ ಹಣೆ ಹಚ್ಚಿ ಗಟ್ಟಿಯಾಗಿ ಅತ್ತುಬಿಟ್ಟ. ಕಣ್ಣಿನ ಕೆಳಗಿನಿಂದಲೇ ಬಾಗುವ ಆ ಮೂಗು ಥೇಟು ಸುಭೇದಾರನದೇ, ಅಜ್ಜನ ಹಿಂಡಿನದೇ. ಪರದೆಯ ಮೇಲೆ ಎರಡು ಸಾವಿರ ಸಲ ತೆರೆದರೂ ಅದು ಅವನ ಕಣ್ಣಿಗೆ ಬಿದ್ದಿರಲಿಲ್ಲ. ಅಲ್ಲಿ ಅವನು ನೋಡಿದ್ದು ಕೆಳಗಿನ ಅಂಕಿಯನ್ನು ಮಾತ್ರ.